ಪೈರಿನ ಉಸಿರೂ ಉಣಿಸೂ

ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯಲ್ಲಿ ಚಚಡಿ ಎಂಬುದೊಂದು ಊರುಂಟು. ಸುತ್ತಮುತ್ತಲೂ ಎರೆಭೂಮಿ. ಪುಷ್ಯಮಾಸದಲ್ಲಿ ಆ ಕಡೆಗೆ ಪ್ರಯಾಣ ಮಾಡಿದವರು ಒಂದು ನೋಟವನ್ನು ಕಂಡಿರಬಹುದು. ಮಳೆ ನಿಂತು ಎರಡು ತಿಂಗಳಿಗೂ ಮೇಲಾಗಿರುತ್ತದೆ. ಎಡೆ ಹೊಡೆಯದೆ ಬಿಟ್ಟ ಹೊಲದಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳು ಬಾಯ್ದೆರೆದಿರುತ್ತವೆ. ಬದುವಿನ ಮೇಲಣ ಹುಲ್ಲು ಒಣಗಿ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಇಷ್ಟೆಲ್ಲದರ ನಡುವೆ ಹಿಂಗಾರಿ ಜೋಳ ಮಾತ್ರ ಆಳೆತ್ತರಕ್ಕೆ ನಿಂತು, ಹಸುರಾಗಿ, ತೆನೆಯಲ್ಲಿ ಹಾಲು ತುಂಬಿಕೊಳ್ಳುತ್ತಿರುತ್ತದೆ.

ಎರೆಮಣ್ಣು ಮಳೆಗಾಲದ ನೀರನ್ನು ತನ್ನ ಆಳದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ಪೈರು ಅದನ್ನೇ ಕುಡಿದು ಬಾಳುತ್ತದೆ ಎಂಬುದು ಅಲ್ಲಿಯ ಒಕ್ಕಲುಮಕ್ಕಳೆಲ್ಲರೂ ಬಲ್ಲ ಸಂಗತಿ. ಆದರೆ ಪೈರು ಕುಡಿಯುವುದೆಂದರೇನು? ಅದಕ್ಕೆ ಬಾಯಿಲ್ಲ, ಮೂಗಿಲ್ಲ, ರಕ್ತವನ್ನು ದೂಡುವ ಹೃದಯವೂ ಇಲ್ಲ. ಆದರೂ ಮಣ್ಣಿನ ನೀರೂ ಲವಣವೂ ಒಳಕ್ಕೆ ಬರುತ್ತವೆ. ಗಾಳಿ ಬರುತ್ತದೆ, ಹೋಗುತ್ತದೆ. ಈ ಹೋಗುಬರುವುಗಳಿಗೆಲ್ಲ ಬಾಗಿಲಿನಲ್ಲಿ ನಿಂತಿರುವ ತತ್ತ್ವ ಒಂದೇ. ಅದಕ್ಕೆ ವಿಸರಣವೆಂದು ಹೆಸರು. ಅದು ಗಿಡದ ಕೈಯನ್ನು ಎಲ್ಲಿಯವರೆಗೆ ಹಿಡಿಯುತ್ತದೆ, ಎಲ್ಲಿ ಬಿಟ್ಟುಬಿಡುತ್ತದೆ ಎಂಬುದಿಷ್ಟನ್ನೇ ನಾವು ಈ ಹೊತ್ತು ವಿಚಾರ ಮಾಡಬೇಕೆಂದಿದ್ದೇವೆ. ಅಷ್ಟನ್ನು ಅರಿತುಕೊಂಡರೆ ಬೇಸಾಯದ ಅನೇಕ ಕೆಲಸಗಳ ಮರ್ಮವೂ ಕೆಲವು ತಪ್ಪುಗಳ ಕಾರಣವೂ ತಾನಾಗಿ ತಿಳಿಯುತ್ತದೆ.

ಗಾಜಿನ ಲೋಟವೊಂದರಲ್ಲಿ ನೀರು ತುಂಬಿ, ಅದರ ತಳಕ್ಕೆ ಮೈಲುತುತ್ತದ ಹರಳೊಂದನ್ನು ಮೆಲ್ಲಗೆ ಇಳಿಯಬಿಟ್ಟು, ಅಲುಗಿಸದೆ ಮೂಲೆಯಲ್ಲಿಟ್ಟು ನೋಡಬಹುದು. ಹರಳು ಕರಗಿ ತಳದಲ್ಲಿ ನೀಲಿಯ ಪದರವೊಂದು ಉಂಟಾಗುತ್ತದೆ. ಆ ನೀಲಿ ದಿನ ದಿನಕ್ಕೆ ಮೇಲೇರುತ್ತ, ಏರಿದಂತೆ ತೆಳುವಾಗುತ್ತ, ವಾರಗಳು ಕಳೆದ ಮೇಲೆ ಲೋಟದಲ್ಲೆಲ್ಲ ಹಬ್ಬುತ್ತದೆ. ಯಾರೂ ಕಲಕಲಿಲ್ಲ, ಮೈಲುತುತ್ತವಾದರೋ ನೀರಿಗಿಂತ ಭಾರವಾದದ್ದು. ಹಾಗಾದರೆ ಅದನ್ನು ಮೇಲಕ್ಕೆ ತಂದವರು ಯಾರು?

ಅಣುಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಒಂದನ್ನೊಂದು ಡಿಕ್ಕಿ ಹೊಡೆಯುತ್ತ, ದಿಕ್ಕು ತಪ್ಪುತ್ತ, ಗೊತ್ತುಗುರಿಯಿಲ್ಲದೆ ಅಲೆಯುತ್ತಿರುತ್ತವೆ. 1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞನು, ಪರಾಗದೊಳಗಿನ ಸೂಕ್ಷ್ಮ ಕಣಗಳು ನೀರಿನಲ್ಲಿ ಬಿಡುವಿಲ್ಲದೆ ನಡುಗುತ್ತಿರುವುದನ್ನು ಸೂಕ್ಷ್ಮದರ್ಶಕದ ಕೆಳಗೆ ಕಂಡನು. ಕಣ್ಣಿಗೆ ಕಾಣದ ನೀರಿನ ಅಣುಗಳು ಬಡಿಯುತ್ತಿರುವುದರಿಂದಲೇ ಈ ನಡುಕವೆಂದು 1905ರಲ್ಲಿ ಐನ್‌ಸ್ಟೈನನು ಲೆಕ್ಕ ಮಾಡಿ ತೋರಿಸಿದನು. ಬನದ ಹುಣ್ಣಿಮೆಯ ದಿವಸ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಸೇರುವ ಜನಸಂದಣಿಯನ್ನು ನೆನೆಯಿರಿ. ಅಷ್ಟು ಜನರ ಕಣ್ಣಿಗೂ ಬಟ್ಟೆ ಕಟ್ಟಿ, ತೋಚಿದತ್ತ ಹೆಜ್ಜೆಯಿಡಿರೆಂದು ಹೇಳಿದರೆ ಏನಾದೀತು? ಒಬ್ಬೊಬ್ಬನಿಗೂ ಗುರಿಯಿರುವುದಿಲ್ಲ. ಆದರೂ ಹೊತ್ತು ಕಳೆದಂತೆ ಸಂದಣಿ ಬಯಲಿನ ಕಡೆಗೆ ಚೆದರಿರುತ್ತದೆ. ದಟ್ಟವಾದ ಕಡೆಯಿಂದ ಹೊರಬೀಳುವವರು ಹೆಚ್ಚು, ವಿರಳವಾದ ಕಡೆಯಿಂದ ಒಳಕ್ಕೆ ಬರುವವರು ಕಡಮೆ. ಅಷ್ಟೇ ಅದರ ಗುಟ್ಟು. ಹೀಗೆ ಒಂದು ವಸ್ತು ತಾನು ದಟ್ಟವಾಗಿರುವ ಎಡೆಯಿಂದ ವಿರಳವಾಗಿರುವ ಎಡೆಗೆ ತಾನಾಗಿ ಹಬ್ಬುವುದೇ ವಿಸರಣ. ಎರಡು ಎಡೆಗಳ ಸಾಂದ್ರತೆಗೆ ಎಷ್ಟು ಅಂತರವಿದ್ದರೆ ಅಷ್ಟು ವೇಗ, ನಡುವಣ ದಾರಿ ಎಷ್ಟು ಉದ್ದವಾದರೆ ಅಷ್ಟು ನಿಧಾನ ಎಂಬ ನಿಯಮವನ್ನು 1855ರಲ್ಲಿ ಆಡಾಲ್ಫ್ ಫಿಕ್ ಎಂಬ ಜರ್ಮನ್ ವೈದ್ಯನು ಬರೆದಿಟ್ಟನು.

ಇಷ್ಟರಿಂದಲೇ ಗಿಡಕ್ಕೆ ಬೇಕಾದುದೆಲ್ಲ ತಾನಾಗಿ ಒದಗುತ್ತದೆಂದು ತಿಳಿಯಕೂಡದು. ವಿಸರಣಕ್ಕೆ ದೊಡ್ಡದೊಂದು ದೌರ್ಬಲ್ಯವುಂಟು. ಗುರಿಯಿಲ್ಲದೆ ಅಲೆಯುವವನು ಎರಡರಷ್ಟು ದೂರ ಹೋಗಬೇಕಾದರೆ ಹಿಡಿಯುವ ಹೊತ್ತು ಎರಡರಷ್ಟಲ್ಲ, ನಾಲ್ಕರಷ್ಟು. ಹತ್ತರಷ್ಟು ದೂರಕ್ಕೆ ನೂರರಷ್ಟು. ನೀರಿನಲ್ಲಿ ಕರಗಿದ ಸಣ್ಣ ಅಣುವೊಂದು ಒಂದು ಜೀವಕೋಶದ ಅಗಲವನ್ನು, ಎಂದರೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗವನ್ನು, ದಾಟಲು ಹೆಚ್ಚುಕಡಮೆ 2 ಅಥವಾ 3 ಸೆಕೆಂಡು ಸಾಕು. ಒಂದು ಮಿಲಿಮೀಟರಿಗೆ ಕಾಲು ಗಂಟೆಯ ಮೇಲೆ ಬೇಕು. ಅದೇ ಅಣು ಒಂದು ಮೀಟರು ದೂರವನ್ನು ವಿಸರಣವೊಂದರಿಂದಲೇ ಕ್ರಮಿಸಬೇಕಾದರೆ ಹಿಡಿಯುವ ಕಾಲ ಸುಮಾರು 30 ವರ್ಷ! ತರಗತಿಯ ಕರಿಹಲಗೆಯ ಮೇಲೆ ನಾವು ಈ ಲೆಕ್ಕವನ್ನು ಬರೆದಾಗಲೆಲ್ಲ ವಿದ್ಯಾರ್ಥಿಗಳು ನಗುತ್ತಾರೆ. ಆದರೆ ಗಿಡದ ಅಂಗರಚನೆಯೆಲ್ಲ ಈ ಲೆಕ್ಕಕ್ಕೆ ಕೊಟ್ಟ ಉತ್ತರವೇ ಆಗಿದೆ. ನಾಲ್ಕು ತಿಂಗಳಲ್ಲಿ ಕೊಯ್ಲಿಗೆ ಬರುವ ಜೋಳ ಮೂವತ್ತು ವರ್ಷ ಕಾಯಲಾರದು. ಆದುದರಿಂದ ಅದು ದೂರದ ಸಾಗಾಣಿಕೆಯನ್ನು ಹರಿಯುವ ನೀರಿಗೆ ಒಪ್ಪಿಸಿ, ವಿಸರಣವನ್ನು ಕೂದಲೆಳೆಯಷ್ಟು ಸಮೀಪದ ಎಡೆಗಳಲ್ಲಿ ಮಾತ್ರ ನೆಚ್ಚಿಕೊಂಡಿದೆ. ಎಲೆ ತೆಳುವಾಗಿರುವುದೂ, ಬೇರಿನ ತುದಿ ಸಹಸ್ರ ಸಹಸ್ರವಾಗಿ ಕವಲೊಡೆಯುವುದೂ ಇದಕ್ಕಾಗಿಯೇ.

ಮೊದಲು ಬೇರಿನ ಬಳಿಗೆ ಹೋಗೋಣ. ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮರುದಿನ ಅವು ನೀರು ಬಿಟ್ಟಿರುವುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿದರೆ ಉಬ್ಬುವುದು ಇದರ ವಿಪರ್ಯಾಯ. ಎರಡರಲ್ಲಿಯೂ ನಡೆದದ್ದು ಒಂದೇ. ಜೀವಕೋಶದ ಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ, ಉಪ್ಪನ್ನೂ ಸಕ್ಕರೆಯನ್ನೂ ಬಿಡುವುದಿಲ್ಲ. ಹೀಗಾಗಿ ಲವಣ ಕಡಮೆಯಾಗಿರುವ ಕಡೆಯಿಂದ ಹೆಚ್ಚಾಗಿರುವ ಕಡೆಗೆ ನೀರು ತಾನೇ ನಡೆಯುತ್ತದೆ. ಇದನ್ನು ಅಭಿಸರಣವೆಂದು ಕರೆಯುವರು. 1748ರಲ್ಲಿ ನೋಲೆ ಎಂಬ ಫ್ರೆಂಚ್ ಪಾದ್ರಿಯು ಹಂದಿಯ ಮೂತ್ರಕೋಶದ ಚರ್ಮದಿಂದ ಮುಚ್ಚಿದ ಮದ್ಯಸಾರದ ಪಾತ್ರೆಯನ್ನು ನೀರಿನಲ್ಲಿ ಮುಳುಗಿಸಿಡಲಾಗಿ ಆ ಚರ್ಮ ಉಬ್ಬಿ ಬಿಗಿದುಕೊಂಡಿತು. ಈ ವಿದ್ಯೆಗೆ ಅದೇ ಮೊದಲು. ಪೊರೆಯಲ್ಲಿ ನೀರಿಗೆಂದೇ ಮೀಸಲಾದ ಸೂಕ್ಷ್ಮ ದ್ವಾರಗಳುಂಟೆಂಬುದು ತಿಳಿದದ್ದು ತೀರ ಈಚೆಗೆ. ಅಕ್ವಾಪೊರಿನ್ ಎಂಬ ಆ ದ್ವಾರಗಳ ಕೆಲಸವನ್ನು 1992ರಲ್ಲಿ ತೋರಿಸಿಕೊಟ್ಟ ಪೀಟರ್ ಆಗ್ರೆಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಬೇರಿನ ಒಳಕ್ಕೆ ಬಂದ ನೀರು ತೆನೆಯ ಎತ್ತರಕ್ಕೆ ಏರುವುದಾದರೋ ವಿಸರಣದಿಂದಲ್ಲ. ಅಲ್ಲಿ ಜಡವಾದ ಸಣ್ಣ ನಾಳಗಳಿವೆ. ಎಲೆಯಿಂದ ನೀರು ಆವಿಯಾಗಿ ಹೋದಂತೆಲ್ಲ, ಹಗ್ಗ ಸೇದಿದ ಹಾಗೆ, ನಾಳದೊಳಗಿನ ನೀರಿನ ಎಳೆ ಕಡಿಯದೆ ಮೇಲಕ್ಕೆ ಬರುತ್ತದೆ. 1894ರಲ್ಲಿ ಡಬ್ಲಿನ್ ನಗರದ ಡಿಕ್ಸನ್ ಮತ್ತು ಜಾಲಿ ಎಂಬಿಬ್ಬರು ಹೇಳಿದ ಈ ಸಿದ್ಧಾಂತವೇ ಈಗಲೂ ನಿಂತಿದೆ. ನಮ್ಮವರೇ ಆದ ಜಗದೀಶಚಂದ್ರ ಬೋಸರು ಜೀವಕೋಶಗಳ ಮಿಡಿತದಿಂದ ರಸ ಮೇಲೇರುತ್ತದೆಂದು ಭಾವಿಸಿ 1923ರಲ್ಲಿ ಒಂದು ಗ್ರಂಥವನ್ನೇ ಬರೆದರು. ಅವರು ನಿರ್ಮಿಸಿದ ಯಂತ್ರಗಳ ನವುರಿಗೆ ನಾವು ಇಂದಿಗೂ ತಲೆದೂಗುತ್ತೇವೆ. ಆದರೆ ಈ ಒಂದು ವಿಷಯದಲ್ಲಿ ಅವರ ಅಭಿಪ್ರಾಯ ನಿಲ್ಲಲಿಲ್ಲ. ಎಲೆಯಲ್ಲಿ ಆದ ಸಕ್ಕರೆ ಕೆಳಕ್ಕೆ ಬರುವುದೂ ಬೇರೊಂದು ಬಗೆಯ ನಾಳಗಳಲ್ಲಿ, ಒತ್ತಡದಿಂದ ಹರಿಯುವ ರಸದ ಮೂಲಕವೇ. ಅದರ ವಿವರ ಇಲ್ಲಿ ಬೇಡ.

ಇನ್ನು ಎಲೆ. ಇದು ಬಹು ಸ್ವಾರಸ್ಯವಾದ ಭಾಗ. ಗಿಡ ತನ್ನ ಮೈಯನ್ನು ಕಟ್ಟಿಕೊಳ್ಳುವುದು ಬಹುಮಟ್ಟಿಗೆ ಗಾಳಿಯಲ್ಲಿರುವ ಇಂಗಾಲಾಮ್ಲದಿಂದ. ಗಾಳಿಯಲ್ಲಿ ಅದೆಷ್ಟಿದೆ? 1900ರ ಸುಮಾರಿಗೆ ಹತ್ತು ಸಾವಿರ ಪಾಲಿನಲ್ಲಿ 3 ಪಾಲು ಇತ್ತು. ಕಲ್ಲಿದ್ದಲು ಎಣ್ಣೆಗಳನ್ನು ಸುಟ್ಟದ್ದರ ಫಲವಾಗಿ ಈಗ 4 ಪಾಲನ್ನು ಮೀರಿದೆ. ಮೀರಿದರೂ ಅದು ಅತ್ಯಲ್ಪವೇ. ಇಷ್ಟು ವಿರಳವಾದ ವಸ್ತುವನ್ನು ಒಳಕ್ಕೆ ತರುವ ಬಾಗಿಲುಗಳೆಂದರೆ ಪತ್ರರಂಧ್ರಗಳು. ಅವೆಲ್ಲ ಪೂರ್ಣವಾಗಿ ತೆರೆದಿದ್ದರೂ ಎಲೆಯ ಮೈಯಲ್ಲಿ ಅವುಗಳ ವಿಸ್ತೀರ್ಣ ನೂರಕ್ಕೆ ಒಂದೆರಡು ಪಾಲು ಮಾತ್ರ. ಹೀಗಿರಲಾಗಿ, ನೂರರಲ್ಲಿ ಒಂದು ಪಾಲು ಕಿಂಡಿಯಿರುವ ಗೋಡೆಯ ಮೂಲಕ ನೂರರಲ್ಲಿ ಒಂದು ಪಾಲು ಗಾಳಿ ಬರಬೇಕಷ್ಟೆ? ನಡೆಯುವುದು ಹಾಗಲ್ಲ. ಲಂಡನ್ನಿನ ಬಳಿಯ ಕ್ಯೂ ಉದ್ಯಾನದ ಪ್ರಯೋಗಶಾಲೆಯಲ್ಲಿ ಹೊರೇಸ್ ಬ್ರೌನ್ ಮತ್ತು ಎಸ್ಕೊಂಬ್ ಎಂಬವರು ಇದನ್ನು ಅಳೆದು ನೋಡಿ 1900ರಲ್ಲಿ ಪ್ರಕಟಿಸಿದರು. ಸಣ್ಣ ರಂಧ್ರದ ಮೂಲಕ ನಡೆಯುವ ವಿಸರಣ ರಂಧ್ರದ ವಿಸ್ತೀರ್ಣವನ್ನಲ್ಲ, ಅದರ ವ್ಯಾಸವನ್ನು ಅನುಸರಿಸುತ್ತದೆಂಬುದು ಅವರು ಖಚಿತಪಡಿಸಿದ ಸಂಗತಿ. ರಂಧ್ರದ ಅಂಚಿನಲ್ಲಿ ಅಣುಗಳು ನೇರವಾಗಿ ಮಾತ್ರವಲ್ಲದೆ ಸುತ್ತಲೂ ಬೀಸಣಿಗೆಯಂತೆ ಹರಡಿಕೊಳ್ಳಬಲ್ಲವು. ನಡುವಿನಲ್ಲಿರುವ ಅಣುಗಳಿಗೆ ಆ ಸೌಕರ್ಯವಿಲ್ಲ. ಆದುದರಿಂದ ದೊಡ್ಡ ಕಿಂಡಿಯೊಂದನ್ನು ಮುಚ್ಚಿ, ಒಟ್ಟು ವಿಸ್ತೀರ್ಣ ಅಷ್ಟೇ ಇರುವಂತೆ ನೂರು ಸಣ್ಣ ಕಿಂಡಿಗಳನ್ನು ದೂರ ದೂರವಾಗಿ ಕೊರೆದರೆ, ಒಂದೊಂದರ ವ್ಯಾಸ ಹತ್ತರಲ್ಲೊಂದಾಗುತ್ತದೆ. ನೂರೂ ಸೇರಿ ಹತ್ತರಷ್ಟು ಕೆಲಸ ಮಾಡುತ್ತವೆ. ಯಾವ ಶಿಲ್ಪಿಯೂ ಇದಕ್ಕಿಂತ ಮಿತವ್ಯಯದ ಜಾಲಂಧ್ರವನ್ನು ಕಡೆದಿರಲಾರನು.

ಆದರೆ ಈ ಬಾಗಿಲು ಒಬ್ಬರಿಗೆ ಮಾತ್ರ ತೆರೆದದ್ದಲ್ಲ. ಇಂಗಾಲಾಮ್ಲ ಒಳಕ್ಕೆ ಬರುವಾಗ ಎಲೆಯೊಳಗಿನ ತೇವ ಹೊರಕ್ಕೆ ಹೋಗಿಯೇ ಹೋಗುತ್ತದೆ. ಎಲೆಯ ಒಳಗೆ ಗಾಳಿ ನೀರಿನ ಆವಿಯಿಂದ ಪೂರ್ಣವಾಗಿ ತುಂಬಿರುತ್ತದೆ, ಹೊರಗೆ ಒಣಗಾಳಿ, ಅಂತರ ಬಹಳ. ಇಂಗಾಲಾಮ್ಲಕ್ಕಾದರೆ ಒಳಹೊರಗಿನ ಅಂತರ ಅತ್ಯಲ್ಪ. ಆದುದರಿಂದ ಒಂದು ಅಣು ಇಂಗಾಲಾಮ್ಲವನ್ನು ಗಳಿಸುವುದಕ್ಕೆ ಗಿಡ ನೂರಾರು ಅಣು ನೀರನ್ನು ತೆರಬೇಕಾಗುತ್ತದೆ. ಬೇಸಾಯಕ್ಕೆ ನೀರು ಇಷ್ಟು ಹೇರಳವಾಗಿ ಬೇಕಾಗುವುದರ ಮೂಲಕಾರಣ ಇದೇ. ಇಲ್ಲಿ ಜೋಳದ ಜಾಣತನವನ್ನು ಮೆಚ್ಚಬೇಕು. ಜೋಳ, ಮೆಕ್ಕೆಜೋಳ, ಕಬ್ಬು ಇವು ಎಲೆಯೊಳಗೆ ಬಂದ ಇಂಗಾಲಾಮ್ಲವನ್ನು ಕೂಡಲೆ ಹಿಡಿದು ಒಳಗಿನ ಕೋಶಗಳಿಗೆ ಸಾಗಿಸುವ ವಿಶೇಷವಾದ ಏರ್ಪಾಡನ್ನು ಹೊಂದಿವೆ. ಇದನ್ನು ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬವರು 1966ರಲ್ಲಿ ಬಿಡಿಸಿ ತೋರಿಸಿದರು. ಒಳಗೆ ಇಂಗಾಲಾಮ್ಲ ನಿಲ್ಲದೆ ಹೋಗುವುದರಿಂದ ಹೊರಗಿನದಕ್ಕೂ ಒಳಗಿನದಕ್ಕೂ ಅಂತರ ಹೆಚ್ಚಾಗಿ, ಬಾಗಿಲನ್ನು ಓರೆ ಮಾಡಿಕೊಂಡಿದ್ದರೂ ಬೇಕಾದಷ್ಟು ಒಳಕ್ಕೆ ಬರುತ್ತದೆ. ಅದೇ ಹೊಲದ ಗೋದಿಗಿಂತಲೂ ಕಡಲೆಗಿಂತಲೂ ಬಹಳ ಕಡಮೆ ನೀರಿನಲ್ಲಿ ಜೋಳ ಅಷ್ಟೇ ತೂಕದ ಮೈಯನ್ನು ಬೆಳೆಸುತ್ತದೆ. ಚಚಡಿಯ ಎರೆಹೊಲದಲ್ಲಿ ಮಳೆಯಿಲ್ಲದ ಪುಷ್ಯದ ಹಸುರಿಗೆ ಅರ್ಧ ಕಾರಣ ಮಣ್ಣಾದರೆ ಇನ್ನರ್ಧ ಕಾರಣ ಇದು.

ಗೊಬ್ಬರದ ವಿಷಯಕ್ಕೆ ಬಂದರೆ, ಮಣ್ಣಿನಲ್ಲಿರುವ ಲವಣಗಳೆಲ್ಲವೂ ಒಂದೇ ಬಗೆಯಾಗಿ ಬೇರಿನ ಬಳಿಗೆ ಬರುವುದಿಲ್ಲ. ಅಮೆರಿಕೆಯ ಬಾರ್ಬರ್ ಎಂಬ ಮಣ್ಣಿನ ವಿಜ್ಞಾನಿ 1962ರಲ್ಲಿ ಇದನ್ನು ವಿಂಗಡಿಸಿ ತೋರಿಸಿದನು. ಸಾರಜನಕದ ಲವಣವಾದ ನೈಟ್ರೇಟು ನೀರಿನೊಡನೆ ಹರಿದು ಬರುತ್ತದೆ. ಬೇರು ನೀರನ್ನು ಎಳೆದುಕೊಂಡಾಗ ಅದೂ ಜೊತೆಯಲ್ಲಿ ಬಂದಂತಾಯಿತು. ರಂಜಕ ಹಾಗಲ್ಲ. ಅದು ಮಣ್ಣಿನ ಕಣಗಳಿಗೂ ಸುಣ್ಣಕ್ಕೂ ಅಂಟಿಕೊಂಡಿದ್ದು, ನೀರಿನಲ್ಲಿ ಕರಗಿರುವುದು ಎಳ್ಳಷ್ಟು. ಬೇರು ಪಡೆಯುವ ರಂಜಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಕ್ಕದ್ದು ವಿಸರಣದಿಂದಲೇ ಬರಬೇಕು. ಅದರ ನಡಿಗೆಯೋ, ದಿನಕ್ಕೆ ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗ! ಬೇರಿನ ಸುತ್ತ ಒಂದೆರಡು ಮಿಲಿಮೀಟರಿನಲ್ಲಿದ್ದ ರಂಜಕ ಮುಗಿದರೆ, ಗೇಣು ದೂರದಲ್ಲಿ ರಾಶಿಯಿದ್ದರೂ ಆ ಬೇರಿನ ಪಾಲಿಗೆ ಇಲ್ಲದ ಹಾಗೆಯೇ. ಆಗ ಉಳಿದ ಉಪಾಯ ಒಂದೇ: ಆಹಾರ ಬೇರಿನ ಬಳಿಗೆ ಬಾರದಿದ್ದರೆ ಬೇರೇ ಆಹಾರದ ಬಳಿಗೆ ಹೋಗಬೇಕು. ಡಿಟ್ಮರ್ ಎಂಬವನು ನಾಲ್ಕು ತಿಂಗಳ ರೈ ಗಿಡವೊಂದರ ಬೇರುಗಳನ್ನು ತೊಳೆದು ಅಳೆದು 1937ರಲ್ಲಿ ಲೆಕ್ಕ ಕೊಟ್ಟನು. ಒಟ್ಟು ಉದ್ದ 620 ಕಿಲೋಮೀಟರಿಗೂ ಹೆಚ್ಚು. ಬೇರುಗೂದಲುಗಳ ಎಣಿಕೆ ಸುಮಾರು 1,400 ಕೋಟಿ. ಒಂದು ಗಿಡದ ಬುಡದಲ್ಲಿ! ಇದಲ್ಲದೆ ಬೇರಿನೊಡನೆ ಕೂಡಿ ಬಾಳುವ ಶಿಲೀಂಧ್ರಗಳುಂಟು. ಅವು ಬೇರುಗೂದಲಿಗಿಂತಲೂ ನವುರಾದ ಎಳೆಗಳನ್ನು ದೂರ ಚಾಚಿ ರಂಜಕವನ್ನು ತಂದುಕೊಟ್ಟು, ಕೂಲಿಯಾಗಿ ಸಕ್ಕರೆಯನ್ನು ಪಡೆಯುತ್ತವೆ.

ಇದರಿಂದ ಹೊಲದಲ್ಲಿ ಆಗಬೇಕಾದ ಕೆಲಸವೇನೆಂಬುದು ಸ್ಪಷ್ಟವಾಗುತ್ತದೆ. ಹಿಂಗಾರಿ ಹೊಲದ ಮೇಲ್ಮಣ್ಣು ಕಾರ್ತಿಕ ಕಳೆಯುವುದರೊಳಗಾಗಿ ಒಣಗುತ್ತದೆ. ಒಣಗಿದ ಮಣ್ಣಿನಲ್ಲಿ ನೀರಿನ ಪೊರೆ ತೆಳುವಾಗಿ ತುಂಡು ತುಂಡಾಗಿರುವುದರಿಂದ ವಿಸರಣದ ದಾರಿಯೇ ಕಡಿದುಹೋಗುತ್ತದೆ. ಅಲ್ಲಿ ರಂಜಕದ ಗೊಬ್ಬರವನ್ನು ಮೇಲೆ ಚೆಲ್ಲಿದರೆ ಅದು ಚೆಲ್ಲಿದಲ್ಲೇ ಇರುತ್ತದೆ. ಕೆಳಗೆ ಎರಡು ಗೇಣಿನ ಆಳದಲ್ಲಿ ಬೇರುಗಳು ಹಸಿದಿರುತ್ತವೆ. ಬಿತ್ತುವಾಗಲೇ ಕೂರಿಗೆಯಿಂದ, ಬೀಜಕ್ಕೆ ತಾಗದಂತೆ ಅದಕ್ಕಿಂತ ತುಸು ಕೆಳಗೆ, ಹಸಿಯಿರುವ ಮಣ್ಣಿಗೆ ಗೊಬ್ಬರವನ್ನು ಇಳಿಸಬೇಕೆಂದು ಕೃಷಿಶಾಸ್ತ್ರಜ್ಞರು ಹೇಳುವುದು ಬರಿಯ ಶಿಸ್ತಿನ ಮಾತಲ್ಲ. ಗೊಬ್ಬರದ ಬೆಲೆಯನ್ನು ಸಾಲ ಮಾಡಿ ತೆತ್ತವನಿಗೆ ಒಂದು ಗೇಣಿನ ಅಂತರದಲ್ಲಿ ಆ ಹಣವೆಲ್ಲ ಬರುವುದೋ ಹೋಗುವುದೋ ಎಂಬ ಪ್ರಶ್ನೆ ಅದು.

ಎಡೆ ಹೊಡೆಯುವ ಕೆಲಸವನ್ನೂ ಇದೇ ಬೆಳಕಿನಲ್ಲಿ ನೋಡಬಹುದು. ಪೈರಿನ ಸಾಲುಗಳ ನಡುವೆ ಎಡೆಕುಂಟೆ ಹಾಯಿಸಿದರೆ ಕಳೆ ಸಾಯುತ್ತದೆ ಎಂಬುದು ಮೇಲೆ ಕಾಣುವ ಲಾಭ. ಕಾಣದ ಲಾಭ ಇನ್ನೊಂದುಂಟು. ಬಿರುಕುಗಳು ಪುಡಿಮಣ್ಣಿನಿಂದ ಮುಚ್ಚಿಕೊಳ್ಳುತ್ತವೆ. ಮೇಲಿನ ಎರಡು ಮೂರು ಅಂಗುಲ ಸಡಿಲವಾಗಿ ಒಣಗುತ್ತದೆ. ಕೆಳಗಿನ ನೀರು ಆ ಪದರದೊಳಕ್ಕೆ ನೀರಾಗಿ ಏರಲಾರದು. ಆವಿಯಾಗಿ, ಪುಡಿಯ ಸಂದುಗೊಂದುಗಳಲ್ಲಿ ಸುತ್ತಿ ಬಳಸಿ, ವಿಸರಣದಿಂದ ಮಾತ್ರ ಹೊರಬೀಳಬೇಕು. ಅದು ಬಹಳ ನಿಧಾನ. ನೀರನ್ನು ಹಿಡಿಯಲು ಒಣಮಣ್ಣನ್ನೇ ಹೊದಿಕೆ ಮಾಡಿದ ಈ ಉಪಾಯವನ್ನು ಯಾವ ಕಾಲೇಜೂ ಅಲ್ಲಿಯ ಒಕ್ಕಲಿಗರಿಗೆ ಹೇಳಿಕೊಟ್ಟದ್ದಲ್ಲ.

ಆದರೆ ನೀರು ಕಡಮೆಯಾದಾಗ ಹೀಗೆ ಜಾಣತನ ತೋರಿದ ಸೀಮೆಯೇ ನೀರು ಹೆಚ್ಚಾದಾಗ ತೊಡಕಿಗೆ ಸಿಕ್ಕಿಕೊಂಡಿತು. ಖಾನಾಪುರದ ಕಡೆಯ ಕಣಕುಂಬಿಯಲ್ಲಿ ಹುಟ್ಟಿ ಹರಿದು ಬರುವ ಮಲಪ್ರಭೆಗೆ ಸವದತ್ತಿ ತಾಲ್ಲೂಕಿನ ಮುನವಳ್ಳಿಯ ಹತ್ತಿರ, ನವಿಲುತೀರ್ಥದಲ್ಲಿ, 1970ರ ದಶಕದ ಮೊದಲಲ್ಲಿ ಅಣೆಕಟ್ಟೆ ಕಟ್ಟಿ ಮುಗಿಸಿದರು. ರೇಣುಕಾಸಾಗರದ ಕಾಲುವೆಗಳು ಎರೆಭೂಮಿಗೆ ನೀರುಣಿಸಿದವು. ಬಂಗಾರದಂಥ ಬೆಳೆಯೂ ಬಂತು. ಎರೆಮಣ್ಣಿನ ಜೇಡಿಯಾದರೋ ನೀರು ಕುಡಿದರೆ ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುವ ಜಾತಿಯದು. ಮಿತಿಮೀರಿ ಹಾಯಿಸಿದ ನೀರು ಬಸಿದು ಹೋಗಲು ದಾರಿಯಿಲ್ಲದ ಕಡೆಗಳಲ್ಲಿ ನೆಲದಡಿಯ ನೀರು ಮೇಲೇರಿತು. ಅದರೊಡನೆ ಆಳದ ಉಪ್ಪೂ ಮೇಲೆ ಬಂತು. ಕೆಲವು ಹೊಲಗಳು ಜವುಳು ಹಿಡಿದವು, ಕೆಲವು ಸವಳು ಕಟ್ಟಿದವು.

ಜವುಳು ಹೊಲದಲ್ಲಿ ಪೈರಿಗೆ ಒದಗುವ ಕಷ್ಟ ಉಸಿರಿನದು. ಬೇರೂ ಉಸಿರಾಡುತ್ತದೆ, ಲವಣಗಳನ್ನು ಪೊರೆಯೊಳಕ್ಕೆ ಎಳೆದುಕೊಳ್ಳುವುದಕ್ಕೆ ಅದಕ್ಕೆ ಶಕ್ತಿ ಬೇಕು, ಶಕ್ತಿಗೆ ಆಮ್ಲಜನಕ ಬೇಕು. ಅದು ಮಣ್ಣಿನ ಸಂದುಗಳಲ್ಲಿರುವ ಗಾಳಿಯ ಮೂಲಕ ಮೇಲಿನಿಂದ ವಿಸರಿಸಿ ಬರುತ್ತಿರುತ್ತದೆ. ಸಂದುಗಳಲ್ಲಿ ನೀರು ತುಂಬಿದರೆ ಆಗುವ ವ್ಯತ್ಯಾಸ ಸಾಮಾನ್ಯವಾದದ್ದಲ್ಲ. ನೀರಿನಲ್ಲಿ ಆಮ್ಲಜನಕದ ವಿಸರಣ ಗಾಳಿಯಲ್ಲಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಾಲು ನಿಧಾನ. ಒಂದು ಸೆಂಟಿಮೀಟರು ಗಾಳಿಯನ್ನು 5 ಸೆಕೆಂಡಿನಲ್ಲಿ ದಾಟುವ ಆಮ್ಲಜನಕಕ್ಕೆ ಒಂದು ಸೆಂಟಿಮೀಟರು ನೀರನ್ನು ದಾಟಲು 14 ಗಂಟೆ ಬೇಕು. ಸಾಲದುದಕ್ಕೆ, ನೀರಿನಲ್ಲಿ ಅದು ಕರಗುವುದೂ ಅತ್ಯಲ್ಪ. ಬತ್ತದ ಗಿಡ ತನ್ನ ಕಾಂಡದಲ್ಲಿಯೂ ಬೇರಿನಲ್ಲಿಯೂ ಗಾಳಿಯ ಕೊಳವೆಗಳನ್ನು ಇಟ್ಟುಕೊಂಡು ಎಲೆಯ ಕಡೆಯಿಂದಲೇ ಬೇರಿಗೆ ಉಸಿರನ್ನು ಇಳಿಸುತ್ತದೆ. ಹತ್ತಿಗೂ ತೊಗರಿಗೂ ಆ ಅನುಕೂಲ ಇಲ್ಲ. ಅವು ನೀರಿನಲ್ಲಿ ನಿಂತೇ ಬಾಡುತ್ತವೆ.

ಸವಳು ಹೊಲದಲ್ಲಿ ನಡೆಯುವುದು ಉಪ್ಪಿನಕಾಯಿಯ ಜಾಡಿಯ ಕಥೆ. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಅಭಿಸರಣದಿಂದ ಬೇರಿನೊಳಕ್ಕೆ ನೀರು ಬರುವುದು ಕಷ್ಟವಾಗುತ್ತದೆ. ಉಪ್ಪು ಮಿತಿಮೀರಿದರೆ ಬೇರಿನಲ್ಲಿದ್ದ ನೀರೇ ಹೊರಕ್ಕೆ ಹೊರಡುತ್ತದೆ. ನೆಲ ಒದ್ದೆಯಾಗಿದ್ದೂ ಗಿಡ ಬಾಯಾರಿ ಸೊರಗುತ್ತದೆ. ಬಾಡಿದ ಪೈರನ್ನು ಕಂಡ ರೈತನು ಏನು ಮಾಡುತ್ತಾನೆ? ಕಾಲುವೆಯ ತೂಬನ್ನು ಇನ್ನೊಂದು ಸಲ ತಿರುಗಿಸುತ್ತಾನೆ. ಅವನನ್ನು ದೂರುವಂತಿಲ್ಲ, ತಲೆತಲಾಂತರದಿಂದ ಅವನು ಕಂಡ ಬಾಡುವಿಕೆಗೆಲ್ಲ ನೀರೇ ಮದ್ದಾಗಿತ್ತು. ಈ ಒಂದು ಬಾಡುವಿಕೆಗೆ ಮಾತ್ರ ನೀರು ಬಸಿದು ಹೋಗುವಂತೆ ಮಾಡುವುದು ಮದ್ದು. ಹೊಲದ ತಗ್ಗಿನ ಕಡೆಗೆ ಬಸಿಗಾಲುವೆ ತೆಗೆಯುವುದು, ಇಲ್ಲವೆ ನೆಲದಡಿಯಲ್ಲಿ ರಂಧ್ರಗಳುಳ್ಳ ಕೊಳವೆಗಳನ್ನು ಹೂಳುವುದು, ಆಮೇಲೆ ಒಳ್ಳೆಯ ನೀರು ಕಟ್ಟಿ ಉಪ್ಪನ್ನು ತೊಳೆಯುವುದು. ಜೇಡಿಗೆ ಸೋಡಿಯಮ್ಮು ಅಂಟಿಕೊಂಡಿದ್ದರೆ ಮೊದಲು ಜಿಪ್ಸಮ್ಮು ಹಾಕುವುದು. ಇದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಕೆಳಗಿನ ಹೊಲದವನು ದಾರಿ ಕೊಡದೆ ಮೇಲಿನ ಹೊಲದವನ ನೀರು ಬಸಿಯಲಾರದು. ನೀರು ತರುವ ಕಾಲುವೆಗೆ ಇರುವ ಸಡಗರದಲ್ಲಿ ಕಾಲುಭಾಗವಾದರೂ ನೀರು ಒಯ್ಯುವ ಕಾಲುವೆಗೆ ಇದ್ದಿದ್ದರೆ ಎಷ್ಟೋ ಎಕರೆ ಉಳಿಯುತ್ತಿತ್ತೆಂದು ನಮಗೆ ತೋರುತ್ತದೆ.

ಪೈರು ಕೊಯ್ದು ಕಾಳನ್ನು ತೂರಿದ ಮೇಲೂ ವಿಸರಣದ ವ್ಯವಹಾರ ಮುಗಿಯುವುದಿಲ್ಲ. ಕಾಳೆಂಬುದೂ ಜೀವವುಳ್ಳ ಸಸ್ಯವೇ, ಮೆಲ್ಲಗೆ ಉಸಿರಾಡುತ್ತಿರುತ್ತದೆ. ಉತ್ತರ ಕರ್ನಾಟಕದಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಡುವ ಪದ್ಧತಿ ಹಿಂದೆ ಬಳಕೆಯಲ್ಲಿತ್ತು. ನೆಲದೊಳಗೆ ಆಳವಾಗಿ ತೋಡಿ, ಒಳಮೈಗೆ ಹುಲ್ಲು ಹೊದಿಸಿ, ಕಾಳು ಸುರಿದು, ಬಾಯನ್ನು ಕಲ್ಲು ಮಣ್ಣುಗಳಿಂದ ಮುಚ್ಚಿಬಿಡುತ್ತಿದ್ದರು. ಒಳಗಿನ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕವನ್ನು ತೀರಿಸಿ ಇಂಗಾಲಾಮ್ಲವನ್ನು ತುಂಬುತ್ತವೆ; ಮುಚ್ಚಿದ ಮಣ್ಣಿನ ಮೂಲಕ ಹೊಸ ಗಾಳಿ ಬರುವುದು ಬಹು ನಿಧಾನ; ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಔಷಧಿಯಿಲ್ಲದ ರಕ್ಷಣೆ.

ಅದೇ ಗಾಳಿ ಮನುಷ್ಯನಿಗೂ ಹುಳುವಿಗೂ ಭೇದವೆಣಿಸುವುದಿಲ್ಲ. ಹಗೇವಿನ ಬಾಯಿ ತೆಗೆದ ಕೂಡಲೆ ಇಳಿದವರು ಕಣ್ಣುಕತ್ತಲೆ ಬಂದು ಬೀಳುವುದೂ, ಅವರನ್ನು ಎತ್ತಲೆಂದು ಹಿಂದೆಯೇ ಇಳಿದವರಿಗೂ ಅದೇ ಗತಿಯಾಗುವುದೂ ಉಂಟು. ಬಾಯಿ ತೆರೆದ ಮೇಲೆ ಕೆಟ್ಟ ಗಾಳಿ ತಾನೇ ಹೋಗುತ್ತದಲ್ಲ ಎಂದು ಎಣಿಸುವವರು ಲೆಕ್ಕ ಹಾಕಿ ನೋಡಬೇಕು. ಗಾಳಿಯಲ್ಲಿಯಾದರೂ ಸರಿ, ದೂರ ಹೆಚ್ಚಿದರೆ ಹೊತ್ತು ಅದರ ವರ್ಗವಾಗಿಯೇ ಹೆಚ್ಚುತ್ತದೆ. 3 ಮೀಟರು ಆಳದ ಗುಂಡಿಯಿಂದ ಇಂಗಾಲಾಮ್ಲ ವಿಸರಣವೊಂದರಿಂದಲೇ ಹೊರಬರಬೇಕಾದರೆ ಗಂಟೆಗಳಲ್ಲ, 6 ದಿನಗಳೇ ಬೇಕಾಗುತ್ತವೆ. ಗಾಳಿಗಿಂತ ಭಾರವಾದ್ದರಿಂದ ಅದು ತಳದಲ್ಲಿ ನಿಲ್ಲುವುದೂ ಉಂಟು. ಎಲೆಗೂ ಬೇರಿಗೂ ಹೊಂದಿದ ಉಪಾಯ ಗುಂಡಿಗೆ ಹೊಂದಲಾರದು. ಅಲ್ಲಿ ಗಾಳಿಯನ್ನು ಕಲಕಿಯೇ ತೀರಬೇಕು. ಸೊಪ್ಪಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ತಳದವರೆಗೆ ಇಳಿಸಿ ಏರಿಸಿದರೆ ಒಳಗಾಳಿ ಹೊರಗಾಳಿಯೊಡನೆ ಬೆರೆಯುತ್ತದೆ. ಗಾಳಿಯೂದುವ ಯಂತ್ರವಿದ್ದರೆ ಮತ್ತೂ ಒಳ್ಳೆಯದು. ದೀಪವನ್ನು ಇಳಿಸಿ ನೋಡಿದಾಗ ಅದು ನಂದಿದರೆ ಯಾರೂ ಇಳಿಯಕೂಡದು. ನಂದದೆ ಉರಿದರೂ, ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ಹಿಡಿದು ನಿಂತಿರತಕ್ಕದ್ದು. ಹಗೇವುಗಳು ಈಗ ವಿರಳವಾದುವು. ಆದರೆ ಊರ ಹಿಂದಣ ಪಾಳುಬಾವಿಗಳಿಗೂ ಮುಚ್ಚಿದ ಗುಂಡಿಗಳಿಗೂ ಈ ಮಾತು ಒಂದಕ್ಷರವೂ ವ್ಯತ್ಯಾಸವಿಲ್ಲದೆ ಸಲ್ಲುತ್ತದೆ.